ಜ್ವಾಲೆಯ ಚಿಪ್ಪು: ಮನೆಗೆ ತರುವ ಮುನ್ನ ಯೋಚಿಸಬೇಕಾದ ಸಂಗತಿಗಳು

ಮಹಾನಗರಗಳಲ್ಲಿ ನೆಲೆಸಿರುವ ನಮ್ಮ ಅನೇಕ ಕುಟುಂಬಗಳ ದಿವಾನಖಾನೆಯಲ್ಲಿ ಮೀನಿನ ತೊಟ್ಟಿಯೊಂದು ಇರುವುದು ಹೊಸತೇನಲ್ಲ. ಸಿಹಿನೀರಿನ ಗೋಲ್ಡ್ ಫಿಶ್‌ನಿಂದ ಆರಂಭವಾದ ಈ ಹವ್ಯಾಸವು ಕೆಲವರಲ್ಲಿ ಕ್ರಮೇಣ ಉಪ್ಪುನೀರಿನ ಅಕ್ವೇರಿಯಂವರೆಗೆ ಬೆಳೆಯುತ್ತದೆ. ಅಂಥವರನ್ನು ಬಹುಬೇಗ ಮರುಳುಗೊಳಿಸುವ ಜೀವಿಗಳಲ್ಲಿ ಫ್ಲೇಮ್ ಸ್ಕಾಲಪ್, ಅಂದರೆ ಜ್ವಾಲೆಯ ಚಿಪ್ಪು, ಒಂದು. ಬೆಂಕಿಯ ನಾಲಗೆಗಳಂತೆ ಹೊರಚಾಚಿದ ಕೆಂಪು ಎಳೆಗಳನ್ನು ಕಂಡವರಿಗೆ ಅದನ್ನು ಕೊಳ್ಳಬೇಕೆನ್ನಿಸುವುದು ಸಹಜ. ಆದರೆ ಅದನ್ನು ಸಾಕುವುದು ಅನುಭವಿಗಳಿಗೂ ಕಷ್ಟವೆಂಬುದನ್ನು ಮೊದಲೇ ತಿಳಿದಿರುವುದು ಲೇಸು.

ಕೆರಿಬಿಯನ್ ಸಮುದ್ರ ಹಾಗೂ ಅದರ ಆಸುಪಾಸಿನ ಬೆಚ್ಚನೆಯ ನೀರು ಈ ಮೃದ್ವಂಗಿಯ ತವರು. ಬಂಡೆಗಳ ಸಂದಿಯಲ್ಲಿ ರೇಷ್ಮೆಯಂತಹ ನೂಲುಗಳಿಂದ ಅಂಟಿಕೊಂಡು ಬದುಕುವ ಇದು, ಅಪಾಯ ಎದುರಾದಾಗ ಚಿಪ್ಪುಗಳನ್ನು ಪಟಪಟನೆ ಬಡಿದು ಈಜಬಲ್ಲದು. ಇದರ ಆಹಾರಕ್ರಮವು ನಮ್ಮ ಕರಾವಳಿಯವರು ಬಲ್ಲ ಮರುವಾಯಿ, ಪಚ್ಚಿಲೆಗಳದ್ದೇ. ಕಿವಿರುಗಳ ಮೇಲಿನ ಸೂಕ್ಷ್ಮ ರೋಮಗಳು ನೀರನ್ನು ಒಳಗೆಳೆಯುತ್ತವೆ. ನೀರಿನಲ್ಲಿ ತೇಲುವ ಕಣಗಳು ಲೋಳೆಯಲ್ಲಿ ಸಿಕ್ಕಿ ಬಾಯಿಯನ್ನು ಸೇರುತ್ತವೆ. ಆ ಕಣಗಳಲ್ಲಿ ಮುಖ್ಯವಾದುದು ಸಸ್ಯಪ್ಲವಕ, ಎಂದರೆ ಬರಿಗಣ್ಣಿಗೆ ಕಾಣದ ತೇಲುವ ಪಾಚಿ.

ಕಷ್ಟ ಇರುವುದು ಇಲ್ಲಿಯೇ. ಸಮುದ್ರದಲ್ಲಿ ಪ್ರತಿ ಕ್ಷಣವೂ ಹೊಸ ನೀರು, ಅದರೊಡನೆ ಹೊಸ ಆಹಾರ ಹರಿದುಬರುತ್ತದೆ. ಮನೆಯ ತೊಟ್ಟಿಯಲ್ಲಾದರೋ ನೀರು ಸ್ಫಟಿಕದಂತಿರಬೇಕೆಂದು ನಾವೇ ಪ್ರೋಟೀನ್ ಸ್ಕಿಮ್ಮರ್, ಫಿಲ್ಟರ್, ಅಲ್ಟ್ರಾವಯಲೆಟ್ ದೀಪಗಳನ್ನು ಅಳವಡಿಸಿ, ಈ ಜೀವಿಗೆ ಬೇಕಾದುದನ್ನೆಲ್ಲ ಹೊರಗೆಸೆಯುತ್ತೇವೆ. ಕಣ್ಣಿಗೆ ಶುಭ್ರವಾದ ನೀರು ಅದರ ಪಾಲಿಗೆ ಬರಿದಾದ ತಟ್ಟೆ.

ಹೊಟ್ಟೆಗಿಲ್ಲದಿದ್ದರೂ ಅದು ತತ್‌ಕ್ಷಣ ಸಾಯುವುದಿಲ್ಲ. ಆದಾಯವಿಲ್ಲದ ಮನೆಯು ಠೇವಣಿಯನ್ನು ಮುರಿದು ತಿನ್ನುವಂತೆ, ದೇಹದಲ್ಲಿ ಕೂಡಿಟ್ಟ ಸತ್ವವನ್ನು ಕರಗಿಸುತ್ತ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬಾಳುತ್ತದೆ. ಎಳೆಗಳು ಎಂದಿನಂತೆ ಆಡುತ್ತಿರುತ್ತವೆ. ಯಜಮಾನನಿಗೆ ಎಲ್ಲವೂ ಕ್ಷೇಮವೆಂದೇ ತೋರುತ್ತದೆ. ಮೂಲಧನ ಮುಗಿದ ದಿನ ಚಿಪ್ಪು ಬಾಯ್ದೆರೆದು ನಿಲ್ಲುತ್ತದೆ. ಅದನ್ನು ಕೂಡಲೇ ತೆಗೆಯದಿದ್ದಲ್ಲಿ ಕೊಳೆತ ದೇಹದಿಂದ ಅಮೋನಿಯಾ ಹೆಚ್ಚಿ ಉಳಿದ ಜೀವಿಗಳಿಗೂ ಸಂಚಕಾರ ಬರಬಹುದು.

ಹಾಗಿದ್ದರೆ ಆಹಾರವನ್ನು ಧಾರಾಳವಾಗಿ ಸುರಿದರಾಯಿತಲ್ಲವೇ ಎಂದು ವಾಚಕರು ಕೇಳಬಹುದು. ತಿನ್ನದೆ ಉಳಿದ ಆಹಾರವು ಕೊಳೆತು ನೈಟ್ರೇಟ್ ಮತ್ತು ಫಾಸ್ಫೇಟ್‌ಗಳನ್ನು ಹೆಚ್ಚಿಸುತ್ತದೆ. ಗಾಜು, ಬಂಡೆಗಳ ಮೇಲೆ ಬೇಡದ ಪಾಚಿ ಹಬ್ಬುತ್ತದೆ. ಆಹಾರ ಕಡಿಮೆಯಾದರೆ ಚಿಪ್ಪಿಗೆ ಉಪವಾಸ, ಹೆಚ್ಚಾದರೆ ತೊಟ್ಟಿಗೆ ರೋಗ. ಈ ಎರಡರ ನಡುವಿನ ದಾರಿ ಕಿರಿದು.

ಆದುದರಿಂದ ಹಣ ಕೊಡುವ ಮುನ್ನವೇ ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ನಮ್ಮ ತೊಟ್ಟಿ ಕನಿಷ್ಠ ಒಂದು ವರ್ಷ ನಡೆದು ಸ್ಥಿರಗೊಂಡಿದೆಯೇ? ಜೀವಂತ ಪಾಚಿಯನ್ನು ಮನೆಯಲ್ಲಿ ಬೆಳೆಸಿಯೋ ಕೊಂಡು ತಂದೋ, ದಿನಕ್ಕೆ ಹಲವು ಬಾರಿ ಸ್ವಲ್ಪ ಸ್ವಲ್ಪವಾಗಿ ಉಣಿಸಬಲ್ಲೆವೇ? ಮೇ ತಿಂಗಳ ರಜೆಯಲ್ಲಿ ಊರಿಗೆ ಹೋದಾಗ ಆ ಕೆಲಸವನ್ನು ಯಾರು ಮಾಡುವರು? ನೀರಿನ ಉಷ್ಣತೆಯನ್ನು ಸುಮಾರು 24ರಿಂದ 26 ಡಿಗ್ರಿ ಸೆಲ್ಸಿಯಸ್ಸಿನಲ್ಲಿ, ಬೇಸಿಗೆಯಲ್ಲೂ, ಕಾಯ್ದುಕೊಳ್ಳಬಲ್ಲ ಚಿಲ್ಲರ್ ಇದೆಯೇ? ಚಿಪ್ಪಿನ ಬೆಳವಣಿಗೆಗೆ ಅಗತ್ಯವಾದ ಕ್ಯಾಲ್ಸಿಯಂ ಪ್ರಮಾಣವನ್ನು ನಿಯಮಿತವಾಗಿ ಪರೀಕ್ಷಿಸುತ್ತಿದ್ದೇವೆಯೇ? ಎಳೆಗಳನ್ನು ಕಚ್ಚುವ ಏಡಿ, ಟ್ರಿಗರ್ ಮೀನುಗಳು ತೊಟ್ಟಿಯಲ್ಲಿಲ್ಲ ತಾನೆ? ಮೀನುಗಳ ರೋಗಕ್ಕೆಂದು ಹಿಂದೆ ತಾಮ್ರಯುಕ್ತ ಔಷಧ ಹಾಕಿದ್ದುಂಟೇ? ತಾಮ್ರವು ಮೃದ್ವಂಗಿಗಳಿಗೆ ವಿಷ.

ಇವುಗಳಲ್ಲಿ ಒಂದಕ್ಕೆ ಸಮಾಧಾನಕರ ಉತ್ತರ ದೊರೆಯದಿದ್ದರೂ ಕೊಳ್ಳದಿರುವುದೇ ವಿವೇಕ. "ಬೆಲೆ ಕಡಿಮೆ, ಒಂದು ಸಲ ನೋಡೋಣ" ಎಂಬ ವಾದವು ಜೀವವಿರುವ ವಸ್ತುವಿಗೆ ಸಲ್ಲದು. ವ್ಯಾಪಾರಕ್ಕೆ ಬರುವ ಜ್ವಾಲೆಯ ಚಿಪ್ಪುಗಳು ಬಹುಮಟ್ಟಿಗೆ ಸಮುದ್ರದಿಂದಲೇ ಹಿಡಿದು ತಂದವು. ನಮ್ಮ ತೊಟ್ಟಿಯಲ್ಲಿ ಒಂದು ಸತ್ತರೆ ಆ ಜಾಗಕ್ಕೆ ಬರುವ ಇನ್ನೊಂದು ಕೂಡ ಅಲ್ಲಿಂದಲೇ ಬರಬೇಕು.

ನೀರನ್ನು ಸೋಸಿ ತಿನ್ನುವ ಜೀವಿಯೇ ಬೇಕೆಂಬವರಿಗೆ, ಬೀಸಣಿಗೆಯಂತೆ ಗರಿಬಿಚ್ಚುವ ಫೆದರ್ ಡಸ್ಟರ್ ಹುಳುಗಳು ಹೆಚ್ಚು ಸಹನಶೀಲವಾದ ಆಯ್ಕೆ. ಅವಕ್ಕೂ ಆಹಾರ ಬೇಕು, ಆದರೆ ಹಳೆಯ ತೊಟ್ಟಿಯ ನೀರಿನಲ್ಲಿರುವ ಕಣಗಳು ಅವುಗಳಿಗೆ ತಕ್ಕಮಟ್ಟಿಗೆ ಒದಗುತ್ತವೆ. ದೇಹದೊಳಗಿನ ಪಾಚಿಯ ನೆರವಿನಿಂದ ಬೆಳಕನ್ನೂ ಆಹಾರವಾಗಿಸಿಕೊಳ್ಳುವ ದೈತ್ಯ ಚಿಪ್ಪುಗಳ ಕಡೆಗೆ ಕೆಲವರು ಮನಸ್ಸು ಮಾಡುವುದುಂಟು. ಭಾರತದಲ್ಲಿ ಆ ಚಿಪ್ಪುಗಳಿಗೂ ಹವಳಗಳಿಗೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇರುವುದನ್ನು ಮರೆಯಬಾರದು.

ಮಕ್ಕಳು ಅಂಗಡಿಯಲ್ಲಿ ಆ ಕೆಂಪು ಚಿಪ್ಪನ್ನು ತೋರಿಸಿ ಹಟ ಹಿಡಿದರೆ, ಅದು ಹೇಗೆ ಉಣ್ಣುತ್ತದೆ ಎಂಬುದನ್ನು ಅಲ್ಲಿಯೇ ನಿಂತು ವಿವರಿಸಿ ಹೇಳಿ. ನಮ್ಮ ಮನೆಯಲ್ಲಿ ಅದಕ್ಕೆ ಊಟವಿಲ್ಲವೆಂದು ತಿಳಿದ ಮಗು ಅದನ್ನು ಬಿಟ್ಟುಬರಲು ಒಪ್ಪುವ ಸಂಭವವೇ ಹೆಚ್ಚು.