ಮೂರು ತಲೆಮಾರು ಒಟ್ಟಿಗೆ ಊರಿಗೆ: ಮೊದಲು ಪಂಚಾಂಗ, ಆಮೇಲೆ ಟಿಕೆಟ್

ಮೇ ತಿಂಗಳು ಬಂತೆಂದರೆ ನಮ್ಮ ಕೇಟರಿಂಗ್ ಬಾಂಧವರಲ್ಲಿ ಹೆಚ್ಚಿನವರು ಮಾಡುವುದು ಒಂದೇ. ವಯಸ್ಸಾದ ತಂದೆ ತಾಯಿ, ಹೆಂಡತಿ, ಮಕ್ಕಳನ್ನು ಕುರ್ಲಾದಲ್ಲಿ ಮತ್ಸ್ಯಗಂಧ ಹತ್ತಿಸುವುದು, ಗಾಡಿ ಹೊರಡುವ ಮೊದಲೇ ಹಾಲ್‌ನಿಂದ ಫೋನ್ ಬಂದು ಅಡುಗೆಮನೆಗೆ ಓಡುವುದು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾದ ಮೇಲೆ ಊರು ಒಂದು ರಾತ್ರಿಯ ದಾರಿಯಾಯಿತು. ಆದರೆ ಯಜಮಾನನಿಗೆ ಅದು ಹತ್ತಿರವಾಗಲಿಲ್ಲ. ಶಾಲೆಗೆ ರಜೆ ಇರುವಾಗ ಮದುವೆ ಸೀಸನ್, ಸೀಸನ್ ಮುಗಿದಾಗ ಶಾಲೆ. ಅಜ್ಜ, ಮಗ, ಮೊಮ್ಮಗ ಮೂವರೂ ಊರಮನೆಯ ಜಗಲಿಯಲ್ಲಿ ಒಟ್ಟಿಗೆ ಕೂತು ಉಂಡದ್ದು ಯಾವಾಗ ಎಂದು ಕೇಳಿದರೆ ಅನೇಕರಿಗೆ ವರ್ಷ ನೆನಪಾಗದು. ಅಜ್ಜ ಎಂಬತ್ತು ದಾಟಿದ್ದರೆ ಇನ್ನೆಷ್ಟು ಮೇ ತಿಂಗಳು ಕಾಯಲಾದೀತು?

ಆದುದರಿಂದ ಪ್ರವಾಸದ ಯೋಜನೆಗೆ ಮೊದಲು ತೆರೆಯಬೇಕಾದದ್ದು ಪಂಚಾಂಗ. ಸುಮಾರು 32-33 ತಿಂಗಳಿಗೊಮ್ಮೆ ಅಧಿಕ ಮಾಸ ಬರುತ್ತದೆ. ಮರಾಠಿ, ಗುಜರಾತಿ, ಮಾರ್ವಾಡಿ ಗಿರಾಕಿಗಳು ಆ ತಿಂಗಳು ಮದುವೆ ಇಡುವುದಿಲ್ಲ. 2018ರಲ್ಲಿ ಅಧಿಕ ಜ್ಯೇಷ್ಠ ಮೇ 16ರಿಂದ ಜೂನ್ 13ರವರೆಗೆ. 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ. ಅಂದರೆ ಮಕ್ಕಳ ಬೇಸಿಗೆ ರಜೆ, ನಮ್ಮ ಬಿಡುವು ಎರಡೂ ಒಂದೇ ಕಡೆ! ಇಂಥ ಯೋಗ ಪ್ರತಿ ಸಲ ಬರುವುದಿಲ್ಲ. 2023ರ ಅಧಿಕ ಶ್ರಾವಣ ಜುಲೈ-ಆಗಸ್ಟ್‌ನಲ್ಲಿ, ಶಾಲೆ ನಡೆಯುವಾಗ ಬಿದ್ದಿತ್ತು.

ಉಳಿದ ವರ್ಷಗಳಿಗೆ ಧನುರ್ಮಾಸವೇ ಸರಿ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ಮುಹೂರ್ತಗಳಿಲ್ಲ, ನಾತಾಳ ರಜೆಯೂ ಸಿಗುತ್ತದೆ. ಊರಲ್ಲಿ ಹವೆ ತಂಪು, ಯಕ್ಷಗಾನ ಮೇಳಗಳ ತಿರುಗಾಟ, ಕಂಬಳ, ನೇಮಗಳ ಕಾಲ. ಡಿಸೆಂಬರ್ 31ರ ಪಾರ್ಟಿ ಆರ್ಡರ್ ಹಿಡಿಯುವವರು ಮಾತ್ರ 29ಕ್ಕೇ ಮುಂಬಯಿ ಮುಟ್ಟಬೇಕು. ಆಟಿಯಲ್ಲಿ ಪುರುಸೊತ್ತು ಧಾರಾಳವಿದ್ದರೂ ಮಳೆಗಾಲದ ವೇಳಾಪಟ್ಟಿಯಿಂದಾಗಿ ಗಾಡಿಗಳು ನಿಧಾನ. ಅಂಗಳ ಪಾಚಿ ಕಟ್ಟಿ ಜಾರುವಾಗ ಹಿರಿಯರನ್ನು ಕರೆದೊಯ್ಯುವುದು ನನಗಂತೂ ಸರಿ ಕಾಣುವುದಿಲ್ಲ.

ಇನ್ನು ಟಿಕೆಟ್. 2024ರ ನವೆಂಬರ್ 1ರಿಂದ ರೈಲಿನ ಮುಂಗಡ ಬುಕ್ಕಿಂಗ್ 120 ದಿನದಿಂದ 60 ದಿನಕ್ಕೆ ಇಳಿದಿದೆ. ಡಿಸೆಂಬರ್ 20ಕ್ಕೆ ಹೊರಡುವುದಾದರೆ ಅಕ್ಟೋಬರ್ 21ರ ಬೆಳಿಗ್ಗೆ 8 ಗಂಟೆಗೆ ಕೂತಿರಬೇಕು. ಅದು ಗೋವಾಕ್ಕೆ ಹೋಗುವವರ ನೂಕುನುಗ್ಗಲಿನ ಸಮಯ. ಒಂದು ಟಿಕೆಟ್‌ನಲ್ಲಿ ಆರು ಜನ ಮಾತ್ರ, ಆದ್ದರಿಂದ ಎಂಟೊಂಬತ್ತು ಜನರ ಸಂಸಾರಕ್ಕೆ ಹೇಗೂ ಎರಡು ಟಿಕೆಟ್ ಬೇಕು. ಇಲ್ಲೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಹಿರಿಯ ನಾಗರಿಕರ ಟಿಕೆಟ್ ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತಿತಾದರೂ ಕೆಳ ಬರ್ತ್‌ನ ಕೋಟಾ ಇದೆ. 60 ತುಂಬಿದ ಗಂಡಸರಿಗೆ, 45 ತುಂಬಿದ ಹೆಂಗಸರಿಗೆ ಅದು ಸಿಗುತ್ತದೆ. ಆದರೆ ಆ ಟಿಕೆಟ್‌ನಲ್ಲಿ ಅವರು ಒಬ್ಬರೇ ಅಥವಾ ಇಬ್ಬರೇ ಇರಬೇಕು. ಮೊಮ್ಮಕ್ಕಳನ್ನೂ ಅದೇ ಟಿಕೆಟ್‌ಗೆ ಸೇರಿಸಿದರೆ ಕೋಟಾ ಹೋಯಿತು, ಮಂಡಿ ನೋವಿನ ಅಜ್ಜಿಗೆ ಮೇಲಿನ ಬರ್ತ್ ಬಂದರೂ ಆಶ್ಚರ್ಯವಿಲ್ಲ. ಅಜ್ಜ ಅಜ್ಜಿಯರದ್ದು ಬೇರೆ ಟಿಕೆಟ್, ಉಳಿದವರದ್ದು ಬೇರೆ ಮಾಡಿಸಿ. ಡಬ್ಬಿ ಬೇರೆಯಾದರೆ ರಾತ್ರಿಗೆ ಒಬ್ಬ ಮಗ ಅತ್ತ ಸೀಟು ಬದಲಾಯಿಸಿಕೊಂಡರಾಯಿತು.

ಹತ್ತುವುದು ಕುರ್ಲಾ ಟರ್ಮಿನಸ್‌ನಲ್ಲೇ ಇರಲಿ. ಡೊಂಬಿವಲಿ, ಕಲ್ಯಾಣದವರಿಗೆ ಥಾಣೆ ಹತ್ತಿರ, ನಿಜ. ಆದರೆ ಅಲ್ಲಿ ಗಾಡಿ ನಿಲ್ಲುವುದು ಕೆಲವೇ ನಿಮಿಷ. ಅಷ್ಟರಲ್ಲಿ ಹಿರಿಯರು, ಮಕ್ಕಳು, ಹತ್ತು ಚೀಲ ಹತ್ತಬೇಕು. ಗಾಡಿ ಹೊರಡುವ ಜಾಗದಲ್ಲಾದರೆ ಸಾವಕಾಶವಾಗಿ ಕೂರಿಸಬಹುದು.

ದಾರಿಯ ಬುತ್ತಿಯ ಬಗ್ಗೆ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೂ ಐನೂರು ಎಲೆಗೆ ಬಡಿಸುವವರ ಮನೆಯವರೇ ಗಾಡಿಯಲ್ಲಿ ಹಳಸಿದ ಕಾಯಿಚಟ್ನಿ ಬಿಸಾಡುವುದನ್ನು ಕಾಣುತ್ತೇವೆ. ಮಧ್ಯಾಹ್ನ ಹೊರಟರೆ ರಾತ್ರಿಗೆ ತೆಂಗಿನಕಾಯಿ ಹಾಕಿದ್ದು ಯಾವುದೂ ಬೇಡ. ಇಡ್ಲಿ, ಚಟ್ನಿಪುಡಿ, ಚಪಾತಿ, ಒಣ ಪಲ್ಯ ಸಾಕು. ಸಕ್ಕರೆ ಕಾಯಿಲೆಯವರ ಊಟದ ಹೊತ್ತು ತಪ್ಪಬಾರದು, ಮಾತ್ರೆಗಳು ಕೈಚೀಲದಲ್ಲೇ ಇರಲಿ.

ಊರು ಮುಟ್ಟಿದ ಮೇಲೆ ನಾಲ್ಕು ದಿನದಲ್ಲಿ ಧರ್ಮಸ್ಥಳ, ಕೊಲ್ಲೂರು, ಶೃಂಗೇರಿ, ಹೊರನಾಡು ಎಲ್ಲ ಮುಗಿಸುವ ಹಟ ಬೇಡ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಮಕ್ಕಳಿಗೂ ಮುದುಕರಿಗೂ ವಾಂತಿ. ಶೃಂಗೇರಿಗೆ ಹೋದರೆ ರಾತ್ರಿ ಅಲ್ಲೇ ಉಳಿಯಿರಿ. ಕೊಲ್ಲೂರಿನಿಂದ ಹುಡುಗರು ಜೀಪಿನಲ್ಲಿ ಕೊಡಚಾದ್ರಿಗೆ ಹೋಗಲಿ, ಅಜ್ಜ ಅಜ್ಜಿ ದೇವರ ದರ್ಶನ ಮಾಡಿ ವಿಶ್ರಮಿಸಲಿ. ಎಲ್ಲರೂ ಎಲ್ಲ ಕಡೆಗೂ ಹೋಗಲೇಬೇಕೆಂದಿಲ್ಲ. ಇಡೀ ದಿನ ಮನೆಯಲ್ಲೇ ಕೂರುವ ದಿನ ಎರಡಾದರೂ ಇರಲಿ. ಮುಂಬಯಿಯಲ್ಲಿ ಹುಟ್ಟಿದ ಮಕ್ಕಳಿಗೆ ನಾಗಬನ, ದೈವದ ಗುಡಿ, ಹಳೆಯ ನೆಂಟರ ಮನೆ ತೋರಿಸಬಲ್ಲವರು ಹಿರಿಯರು ಮಾತ್ರ.

ಕೊನೆಯದಾಗಿ ವ್ಯವಹಾರ. ಅಧಿಕ ಮಾಸವಾದರೂ ಆಫೀಸ್ ಕ್ಯಾಂಟೀನ್ ನಿಲ್ಲುವುದಿಲ್ಲ, ಕ್ರೈಸ್ತ ಗಿರಾಕಿಗಳ ಆರ್ಡರ್ ಇರುತ್ತದೆ. ಅಡುಗೆಯವರೂ ಅದೇ ಸಮಯಕ್ಕೆ ಊರಿಗೆ ಹೊರಡುತ್ತಾರೆ. ಅವರ ರಜೆಯ ಸರದಿಯನ್ನು ಎರಡು ತಿಂಗಳು ಮೊದಲೇ ಗೊತ್ತುಮಾಡಿ ಬರೆದಿಡಿ. ಆರ್ಡರ್ ಒಪ್ಪುವ, ದರ ಹೇಳುವ, ಮುಂಗಡ ಪಡೆಯುವ ಅಧಿಕಾರ ಯಾರಿಗೆಂದು ಗಿರಾಕಿಗಳಿಗೂ ತಿಳಿಸಿ. ಇಲ್ಲದಿದ್ದರೆ ಯಜಮಾನ ಜಗಲಿಯಲ್ಲಿದ್ದರೂ ಫೋನಿನಲ್ಲೇ ಇರುತ್ತಾನೆ. ವಾಪಸಿನ ಟಿಕೆಟ್‌ಗೂ ಅದೇ 60 ದಿನದ ಲೆಕ್ಕ. ಮುಂದಿನ ಆರ್ಡರ್‌ಗಿಂತ ಎರಡು ದಿನ ಮೊದಲು ಕುರ್ಲಾ ಮುಟ್ಟುವಂತೆ ತೆಗೆಯಿರಿ.