ಬೆರಳು ಒಂದು ಸಾಲಿನಲ್ಲಿ, ಬಾಯಿ ಇನ್ನೊಂದರಲ್ಲಿ

ಕಂಪ್ಲಿ ಸುತ್ತಲಿನ ಶಾಲೆಗಳ ಮೇಷ್ಟ್ರುಗಳಿಗೆ ಈ ದೃಶ್ಯ ಹೊಸದಲ್ಲ. ಐದನೇ ಕ್ಲಾಸಿನ ಹುಡುಗನೊಬ್ಬ ಎದ್ದು ನಿಂತು ಕನ್ನಡ ಪಾಠ ಓದುತ್ತಾನೆ. ಗಟ್ಟಿ ದನಿ, ಎಲ್ಲೂ ತಡವರಿಕೆಯಿಲ್ಲ, ಪೂರ್ಣವಿರಾಮ ಬಂದಲ್ಲಿ ಉಸಿರನ್ನೂ ಸರಿಯಾಗಿ ಎಳೆದುಕೊಳ್ಳುತ್ತಾನೆ. ಹತ್ತಿರ ಹೋಗಿ ನೋಡಿದರೆ ಬೆರಳು ಮೂರನೇ ಸಾಲಿನಲ್ಲಿದೆ, ಬಾಯಿ ಏಳನೇ ಸಾಲಿನಲ್ಲಿದೆ. ಪುಟದ ಮೇಲೆ ಅಂಗೈ ಇಟ್ಟು ಮುಚ್ಚಿದರೂ ಓದು ನಿಲ್ಲುವುದಿಲ್ಲ. ನಡುವಿನ ಒಂದು ಪದ ತೋರಿಸಿ ‘ಇದೇನಪ್ಪಾ?’ ಎಂದು ಕೇಳಿದಾಗ ಮಾತ್ರ ನಿಲ್ಲುತ್ತದೆ.

ಇಂಥದ್ದನ್ನು ಕಂಡವರ ಬಾಯಲ್ಲಿ ತಕ್ಷಣ ಬರುವ ಮಾತು ಒಂದೇ: ನಮ್ಮ ಕಾಲದಲ್ಲಿ ಹೀಗಿರಲಿಲ್ಲ, ಅಂದಿನ ಏಳನೇ ಕ್ಲಾಸು ಇಂದಿನ ಡಿಗ್ರಿಗೆ ಸಮ. ಹೊಸಪೇಟೆಯ ಬಸ್ ಸ್ಟ್ಯಾಂಡಿನಿಂದ ಸಂಡೂರಿನ ಚಹಾದಂಗಡಿಯವರೆಗೆ ಇದನ್ನು ಒಪ್ಪದವರು ಕಡಿಮೆ. ಆದರೆ ಆ ‘ನಮ್ಮ ಕಾಲ’ವನ್ನು ಹುಡುಕುತ್ತ ಹಿಂದಕ್ಕೆ ಹೋದರೆ ಅದು ಕೈಗೆ ಸಿಗದೆ ಜಾರುತ್ತಲೇ ಹೋಗುತ್ತದೆ. ಇನ್ನೂರು ವರ್ಷ ಹಿಂದೆ ಹೋದರೂ ಇದೇ ದೂರು ಎದುರಾಗುತ್ತದೆ, ಅದೂ ಇದೇ ಬಳ್ಳಾರಿ ಸೀಮೆಯ ಬಗ್ಗೆ.

1822ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ತನ್ನ ಆಡಳಿತದ ಜಿಲ್ಲೆಗಳಲ್ಲಿ ಎಷ್ಟು ಶಾಲೆಗಳಿವೆ, ಎಷ್ಟು ಮಕ್ಕಳು ಓದುತ್ತಿದ್ದಾರೆ ಎಂದು ಕಲೆಕ್ಟರುಗಳಿಂದ ವರದಿ ಕೇಳಿದ. ಹೆಚ್ಚಿನವರು ಅಂಕಿಗಳ ಪಟ್ಟಿ ಕಳಿಸಿ ಕೈ ತೊಳೆದುಕೊಂಡರು. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ಹಾಗೆ ಮಾಡಲಿಲ್ಲ. ತೆಲುಗು ವ್ಯಾಕರಣ ಬರೆದಿದ್ದ ಆಸಾಮಿ ಅವನು. 1823ರ ಆಗಸ್ಟಿನಲ್ಲಿ ಅವನು ಕಳಿಸಿದ ವರದಿ ಶಾಲೆಯ ಒಳಗೇ ಹೋಗಿ ಕುಳಿತು ಬರೆದಂತಿದೆ. ಧರಂಪಾಲ್ 1983ರಲ್ಲಿ ಪ್ರಕಟಿಸಿದ ‘ದಿ ಬ್ಯೂಟಿಫುಲ್ ಟ್ರೀ’ ಪುಸ್ತಕದಿಂದ ಅದು ಮತ್ತೆ ಚರ್ಚೆಗೆ ಬಂತು.

ಆಗಿನ ಬಳ್ಳಾರಿ ಜಿಲ್ಲೆಯಲ್ಲಿ ಅನಂತಪುರವೂ ಸೇರಿತ್ತು. ಜನಸಂಖ್ಯೆ 9,27,857. ಶಾಲೆಗಳು 533: ಕನ್ನಡದವು 235, ತೆಲುಗಿನವು 226, ಮರಾಠಿ ಮತ್ತು ಸಂಸ್ಕೃತದವು ತಲಾ 23, ಪಾರಸಿಯವು 21, ತಮಿಳಿನವು ನಾಲ್ಕು, ಇಂಗ್ಲಿಷಿನದು ಒಂದೇ ಒಂದು. ಓದುತ್ತಿದ್ದ ಮಕ್ಕಳು 6,641. ಅಂದರೆ ಸಾವಿರ ಜನಕ್ಕೆ ಏಳು ಮಂದಿ. ಹೆಣ್ಣುಮಕ್ಕಳಂತೂ ಲೆಕ್ಕಕ್ಕೂ ಸಿಗದಷ್ಟು ಕಡಿಮೆ.

ಮಗು ಮೊದಲು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದುತ್ತಿತ್ತು. ದೊಡ್ಡ ಹುಡುಗರು ಚಿಕ್ಕವರಿಗೆ ಹೇಳಿಕೊಡುತ್ತಿದ್ದರು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯಲ್ಲಿ ಗೌರವದ ಗುರುತಾಗಿ ‘ಸರಸ್ವತಿ’ ಎಂದು ಬರೆಯುತ್ತಿದ್ದರು. ಎರಡನೆಯವನ ಅಂಗೈಗೆ ಸೊನ್ನೆ, ಅವನಿಗೆ ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ತಡವಾದಷ್ಟೂ ಏರಿಕೆ. ಬಯೋಮೆಟ್ರಿಕ್ ಹಾಜರಾತಿಗಿಂತ ಇದು ಹೆಚ್ಚು ಪರಿಣಾಮಕಾರಿಯಾಗಿದ್ದಿರಬೇಕು.

ಇಷ್ಟೆಲ್ಲ ಮೆಚ್ಚಿ ಬರೆದ ಕ್ಯಾಂಪ್‌ಬೆಲ್ ಒಂದು ಕಡೆ ಮುಖ ಸಿಂಡರಿಸಿದ್ದಾನೆ. ಶಾಲೆಯ ಪುಸ್ತಕಗಳೆಲ್ಲ ಪದ್ಯದಲ್ಲಿದ್ದವು. ಆ ಪದ್ಯದ ಭಾಷೆಗೂ ಜನ ಆಡುವ ಮಾತಿಗೂ ಬಹಳ ದೂರ. ಹುಡುಗರು ನೂರಾರು ಪದ್ಯ ಒಪ್ಪಿಸುತ್ತಿದ್ದರು, ಅರ್ಥ ಕೇಳಿದರೆ ಬಾಯಿ ಮುಚ್ಚುತ್ತಿದ್ದರು. ಎಷ್ಟೋ ಕಡೆ ಹೇಳಿಕೊಡುವವರಿಗೂ ಅರ್ಥ ಗೊತ್ತಿರಲಿಲ್ಲ. ಅವನು ಆ ಹುಡುಗರನ್ನು ಗಿಳಿಗೆ ಹೋಲಿಸಿದ. ಕಂಪ್ಲಿಯ ಐದನೇ ಕ್ಲಾಸಿನ ಹುಡುಗನಿಗೆ ಹೀಗೆ ಇನ್ನೂರು ವರ್ಷದ ಪರಂಪರೆಯಿದೆ.

ಶಾಲೆಗಳು ಕಡಿಮೆಯಾಗುತ್ತಿವೆ ಎಂದೂ ಅವನು ಬರೆದ. ಕಾರಣವನ್ನು ಮೇಷ್ಟ್ರ ತಲೆಗೆ ಕಟ್ಟಲಿಲ್ಲ. ವಿಲಾಯಿತಿ ಬಟ್ಟೆ ಬಂದು ನೇಕಾರರ ಮಗ್ಗ ನಿಂತಿತು, ಮನೆ ಬಡವಾಯಿತು, ಕೈಕಾಲು ಬಲಿಯುವ ಮೊದಲೇ ಮಕ್ಕಳನ್ನು ಕೆಲಸಕ್ಕೆ ಹಚ್ಚುವಂತಾಯಿತು ಎಂಬುದು ಅವನ ವಿವರಣೆ. ಕಂಪನಿ ಸರ್ಕಾರದ ಸ್ವಂತ ಕಲೆಕ್ಟರನೇ ಹೀಗೆ ಬರೆದದ್ದು ದೊಡ್ಡ ಮಾತು.

ಆ ಸಾವಿರಕ್ಕೆ ಏಳರಿಂದ ಇಲ್ಲಿಗೆ ಬಂದರೆ, 2001ರ ಜನಗಣತಿಯಲ್ಲಿ ಬಳ್ಳಾರಿ ಜಿಲ್ಲೆಯ ಸಾಕ್ಷರತೆ ಶೇ 57.4. 2011ರಲ್ಲಿ ಶೇ 67.43. ಆಗ ರಾಜ್ಯದ ಸರಾಸರಿ ಶೇ 75.36. ಹೊಸಪೇಟೆಯನ್ನು ಕೇಂದ್ರವಾಗಿಸಿ ವಿಜಯನಗರ ಜಿಲ್ಲೆ ಆದದ್ದು 2021ರಲ್ಲಿ, ಹಾಗಾಗಿ ಈ ಅಂಕಿಯಲ್ಲಿ ಬಹುಮಟ್ಟಿಗೆ ಎರಡೂ ಜಿಲ್ಲೆಗಳು ಒಟ್ಟಿಗಿವೆ. ಮುಂದಿನ ಗಣತಿ 2027ಕ್ಕೆ. ಅಂಕಿ ಏರಿದೆ, ಸಂಶಯವಿಲ್ಲ. ಆದರೆ ಅದು ಬರುವ ಬಗೆಯನ್ನೂ ನೋಡಬೇಕು. ಏಳು ವರ್ಷ ದಾಟಿದ, ಯಾವುದಾದರೂ ಒಂದು ಭಾಷೆಯನ್ನು ಅರ್ಥ ಮಾಡಿಕೊಂಡು ಓದಿ ಬರೆಯಬಲ್ಲವರು ಸಾಕ್ಷರರು ಎಂಬುದು ಜನಗಣತಿಯ ವ್ಯಾಖ್ಯೆ. ಗಣತಿಗೆ ಬಂದವರು ಪುಸ್ತಕ ಕೊಟ್ಟು ಓದಿಸಿ ನೋಡುವುದಿಲ್ಲ. ಮನೆಯವರು ‘ಹ್ಞೂಂ, ಓದ್ತಾನ್ರಿ’ ಅಂದರೆ ಗುರುತು ಬೀಳುತ್ತದೆ.

ಓದಿಸಿ ನೋಡುವವರೂ ಇದ್ದಾರೆ. ‘ಪ್ರಥಮ್’ ಸಂಸ್ಥೆ 2005ರಿಂದ ನಡೆಸುವ ‘ಅಸರ್’ ಸಮೀಕ್ಷೆಯವರು ಶಾಲೆಗಲ್ಲ, ಮನೆಗೇ ಹೋಗುತ್ತಾರೆ. ಕೈಯಲ್ಲೊಂದು ಹಾಳೆ: ಬಿಡಿ ಅಕ್ಷರ, ಪದ, ಒಂದನೇ ಕ್ಲಾಸಿನ ಮಟ್ಟದ ನಾಲ್ಕು ಸಾಲು, ಎರಡನೇ ಕ್ಲಾಸಿನ ಮಟ್ಟದ ಒಂದು ಪುಟ್ಟ ಕಥೆ. 2018ರಲ್ಲಿ ದೇಶದ ಗ್ರಾಮೀಣ ಭಾಗದ ಐದನೇ ಕ್ಲಾಸಿನ ಮಕ್ಕಳಲ್ಲಿ ಶೇ 50.5ರಷ್ಟು ಆ ಕಥೆ ಓದಿದ್ದರು. ಕೊರೊನಾ ಮುಗಿದ ಮೇಲೆ, 2022ರಲ್ಲಿ, ಅದು ಶೇ 42.8ಕ್ಕೆ ಇಳಿಯಿತು. 2023ರಲ್ಲಿ 14ರಿಂದ 18 ವರ್ಷದವರನ್ನು ಕೇಳಿದಾಗ ನಾಲ್ವರಲ್ಲಿ ಒಬ್ಬರು ತಮ್ಮದೇ ಭಾಷೆಯ ಎರಡನೇ ಕ್ಲಾಸಿನ ಪಾಠವನ್ನು ಸರಾಗವಾಗಿ ಓದಲಾರದೆ ಹೋದರು. ಅವರಲ್ಲಿ ಎಷ್ಟೋ ಮಂದಿಯ ಬಳಿ ಮಾರ್ಕ್ಸ್ ಕಾರ್ಡ್ ಇರಬೇಕು.

ಮಾರ್ಕ್ಸ್ ಕಾರ್ಡಿನ ಕಥೆ ಇನ್ನೂ ಸ್ವಾರಸ್ಯ. 2021ರಲ್ಲಿ ಕೊರೊನಾ ನಡುವೆ ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನು ಬಹು ಆಯ್ಕೆ ಪ್ರಶ್ನೆಗಳಿಗೆ ಇಳಿಸಿ ಎರಡೇ ದಿನದಲ್ಲಿ ಮುಗಿಸಿದರು. 8.71 ಲಕ್ಷ ಮಕ್ಕಳು ಪಾಸು, ಫೇಲಾದದ್ದು ರಾಜ್ಯಕ್ಕೆಲ್ಲ ಒಬ್ಬ ಅಭ್ಯರ್ಥಿ. ಆ ಒಬ್ಬರು ಫೇಲಾದದ್ದೂ ಓದದೆ ಅಲ್ಲ, ತನ್ನ ಬದಲಿಗೆ ಬೇರೆಯವರನ್ನು ಕೂರಿಸಿದ್ದಕ್ಕೆ. 2023ರಲ್ಲಿ ಫಲಿತಾಂಶ ಶೇ 83.89. ಮರುವರ್ಷ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಬಂತು. ಫಲಿತಾಂಶ ಧಡಕ್ಕನೆ ಬಿತ್ತು. ಎಷ್ಟೆಂದರೆ, ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿ, ಅದನ್ನು ಪಡೆಯಲು ಬೇಕಾದ ಕನಿಷ್ಠ ಅಂಕವನ್ನು ಶೇ 35ರಿಂದ 25ಕ್ಕೆ ಇಳಿಸಿ ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ದಡ ಸೇರಿಸಿದ ಮೇಲೂ ಅದು ಶೇ 73.40ಕ್ಕೆ ನಿಂತಿತು. ಕೃಪಾಂಕ ಕೈಬಿಟ್ಟ 2025ರಲ್ಲಿ ಇನ್ನೂ ಕೆಳಗಿಳಿಯಿತು. ಆ ವರ್ಷದ ಅಕ್ಟೋಬರಿನಲ್ಲಿ ಸರ್ಕಾರ ಪಾಸಾಗುವ ಅಂಕವನ್ನೇ ಶೇ 35ರಿಂದ 33ಕ್ಕೆ ತಂದಿತು.

ಒಂದೇ ವರ್ಷದಲ್ಲಿ ಮಕ್ಕಳು ದಡ್ಡರಾಗುವುದಿಲ್ಲ. ಹಾಗಾದರೆ ಕ್ಯಾಮೆರಾ ತೋರಿಸಿದ್ದು ಮಕ್ಕಳನ್ನಲ್ಲ, ಅದಕ್ಕೂ ಹಿಂದಿನ ವರ್ಷಗಳ ಅಂಕಿಗಳನ್ನು.

ಸಂಡೂರಿನ ಕಡೆ ಈ ಕಥೆಗೆ ಕೆಂಪು ಧೂಳು ಸೇರಿಕೊಳ್ಳುತ್ತದೆ. ಈ ಶತಮಾನದ ಮೊದಲ ದಶಕದಲ್ಲಿ ಚೀನಾದಿಂದ ಅದಿರಿಗೆ ಬೇಡಿಕೆ ಬಂದಾಗ ಹೊಸಪೇಟೆ–ಸಂಡೂರು ರಸ್ತೆಯಲ್ಲಿ ಲಾರಿಗಳ ಸಾಲು ಹಗಲು ರಾತ್ರಿ ಮುಗಿಯುತ್ತಿರಲಿಲ್ಲ. ಕ್ಲೀನರ್ ಆಗಲು, ಅದಿರು ಕುಟ್ಟಲು, ಜರಡಿ ಹಿಡಿಯಲು ಯಾರೂ ಸರ್ಟಿಫಿಕೇಟ್ ಕೇಳುತ್ತಿರಲಿಲ್ಲ. ಗಣಿಗಳಲ್ಲಿ ಮಕ್ಕಳು ದುಡಿಯುವುದು ಆ ವರ್ಷಗಳಲ್ಲಿ ಮತ್ತೆ ಮತ್ತೆ ವರದಿಯಾಯಿತು. ಮೇಷ್ಟ್ರ ಸಂಬಳಕ್ಕಿಂತ ಲಾರಿಯ ಟ್ರಿಪ್ಪಿನ ಲೆಕ್ಕ ಆಕರ್ಷಕವಾಗಿದ್ದಾಗ ಶಾಲೆಯ ಬೆಂಚು ಯಾರಿಗೆ ಬೇಕು? 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಲಾರಿಗಳು ಮನೆ ಮುಂದೆ ನಿಂತು ತುಕ್ಕು ಹಿಡಿದವು. ಆಗ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಗೇಟಿಗೆ ಹೋದವರಿಗೆ ಎದುರಾದ ಮೊದಲ ಪ್ರಶ್ನೆ: ಏನು ಓದಿದ್ದೀಯ, ಐಟಿಐ ಇದೆಯಾ?

ಅದರ ಹಿಂದೆಯೇ ಸಂವಿಧಾನದ 371(ಜೆ) ವಿಧಿ ಬಂತು. 2013ರಿಂದ ಜಾರಿಯಾದ ಈ ವಿಶೇಷ ಸ್ಥಾನಮಾನದಲ್ಲಿ ಬಳ್ಳಾರಿ ಸೀಮೆಯೂ ಸೇರಿದ್ದರಿಂದ, ಇಲ್ಲಿನ ‘ಸಿ’ ಗುಂಪಿನ ಸ್ಥಳೀಯ ಹುದ್ದೆಗಳಲ್ಲಿ ಶೇ 80 ಇಲ್ಲಿಯವರಿಗೇ ಮೀಸಲು. ಒಂದೇ ಸಲಕ್ಕೆ ಮಾರ್ಕ್ಸ್ ಕಾರ್ಡಿಗೆ, ಅದರ ಜೊತೆಗೆ ಉಪವಿಭಾಗಾಧಿಕಾರಿ ಕಚೇರಿಯ ಅರ್ಹತಾ ಪತ್ರಕ್ಕೆ ಬೆಲೆ ಬಂತು. ನ್ಯಾಯವಾದ ಬೆಲೆಯೇ. ಆದರೆ ಬೆಲೆ ಬಂದದ್ದು ಕಾಗದಕ್ಕೆ. ಅದರ ಹಿಂದಿನ ಓದನ್ನು ಯಾರೂ ತೂಗಿ ನೋಡಲಿಲ್ಲ.

ಕಾಗದದ ಬೆಲೆಯನ್ನು ರೂಪಾಯಿಯಲ್ಲೇ ಹೇಳಬಹುದು. 2024ರ ಜನವರಿಯಲ್ಲಿ ಶುರುವಾದ ಯುವನಿಧಿ ಯೋಜನೆಯಲ್ಲಿ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500. ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರಲ್ಲಿ ಯುಜಿಸಿ ಅರ್ಹತೆ ಇಲ್ಲದವರಿಗೆ 2022ಕ್ಕೆ ಮೊದಲು ತಿಂಗಳಿಗೆ 11,000 ರೂಪಾಯಿ, ನೆಟ್ ಅಥವಾ ಪಿಎಚ್‌ಡಿ ಇದ್ದವರಿಗೆ 13,000. ಅಂದರೆ ಐದಾರು ವರ್ಷ ಕೂತು ಬರೆದ ಪ್ರಬಂಧದ ಬೆಲೆ ತಿಂಗಳಿಗೆ ಎರಡು ಸಾವಿರ. ಉಪನ್ಯಾಸಕರ ಮುಷ್ಕರದ ನಂತರ ಮೊತ್ತ ದುಪ್ಪಟ್ಟಿಗಿಂತ ಹೆಚ್ಚಾಯಿತು. ಪಿಎಚ್‌ಡಿಯ ವ್ಯತ್ಯಾಸ ಮಾತ್ರ ನಾಲ್ಕು ಸಾವಿರಕ್ಕೆ ನಿಂತಿತು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ 2023ರ ವರದಿಯ ಪ್ರಕಾರ ದೇಶದ 25 ವರ್ಷದೊಳಗಿನ ಪದವೀಧರರಲ್ಲಿ ಶೇ 42ರಷ್ಟು ನಿರುದ್ಯೋಗಿಗಳು.

ಹಾಗಂತ ಕಲಿತವರ ಮಟ್ಟ ಕುಸಿಯಿತು ಎಂದು ಒಂದೇ ಏಟಿಗೆ ಹೇಳಿಬಿಡುವುದು ಅನ್ಯಾಯ. ಅಂದಿನ ಏಳನೇ ಕ್ಲಾಸಿನವನು ಜಾಣ ಅನಿಸುವುದಕ್ಕೆ ಏಳರವರೆಗೆ ಬಂದವರೇ ಬೆರಳೆಣಿಕೆ ಎಂಬುದೂ ಕಾರಣ. ಉಳಿದವರು ಜರಡಿಯಲ್ಲಿ ಮೊದಲೇ ಉದುರಿಹೋಗಿದ್ದರು. ಇವತ್ತು ಕಂಪ್ಲಿಯ ಗದ್ದೆಯಲ್ಲಿ ನಾಟಿ ಮಾಡುವ ತಾಯಿಯ ಮಗಳು, ಸಂಡೂರು ತಾಂಡಾದ ಹುಡುಗ ಕೂಡ ಎಸ್ಸೆಸ್ಸೆಲ್ಸಿಗೆ ಕೂರುತ್ತಾರೆ. ಮನೆಯಲ್ಲಿ ಪುಸ್ತಕ ಹಿಡಿದ ಮೊದಲ ಕೈ ಅವರದು. ಅವರು ತಡವರಿಸುತ್ತಾರೆ ಎಂದು ‘ಕುಸಿತ’ದ ಪಟ್ಟಿ ಅಂಟಿಸುವವರು, ಹಿಂದೆ ಅವರನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ ಎಂಬುದನ್ನು ಮರೆಯುತ್ತಾರೆ.

ಕಂಠಪಾಠವನ್ನೂ ಪೂರ್ತಿ ಬೈಯುವ ಹಾಗಿಲ್ಲ. ಸಂಡೂರು ತಾಲ್ಲೂಕಿನ ದರೋಜಿಯಲ್ಲಿ ಈರಮ್ಮ ಎಂಬ ಹೆಣ್ಣುಮಗಳಿದ್ದರು. ಬುಡ್ಗ ಜಂಗಮ ಎಂಬ ಅಲೆಮಾರಿ ಸಮುದಾಯದವರು, ಬುರ್ರಕಥೆ ಈರಮ್ಮ ಎಂದೇ ಹೆಸರು. ಅಕ್ಷರ ಬರುತ್ತಿರಲಿಲ್ಲ. ಹನ್ನೆರಡು ಜನಪದ ಮಹಾಕಾವ್ಯಗಳು ನಾಲಗೆಯ ಮೇಲಿದ್ದವು, ಅಚ್ಚು ಹಾಕಿದರೆ ಸುಮಾರು 7,000 ಪುಟ. ಅದರಲ್ಲಿ ಕುಮಾರರಾಮನ ಕಥೆಯೂ ಒಂದು. ಇದೇ ಕಂಪ್ಲಿಯ, ಕುಮ್ಮಟದುರ್ಗದ ವೀರ ಅವನು. ಹತ್ತಿರದ ಹಂಪಿ ಕನ್ನಡ ವಿಶ್ವವಿದ್ಯಾಲಯ 1991ರಲ್ಲಿ ಹುಟ್ಟಿದ್ದು ಕನ್ನಡದ ಸಂಶೋಧನೆಗಾಗಿ. ಪಿಎಚ್‌ಡಿ ಕೊಡುವ ಆ ಸಂಸ್ಥೆ ತನ್ನ ಅತ್ಯುನ್ನತ ಗೌರವವಾದ ‘ನಾಡೋಜ’ವನ್ನು ಓದು ಬರಹ ಬಾರದ ಈರಮ್ಮನಿಗೆ ಕೊಟ್ಟಿತು. ಅವರು 2014ರಲ್ಲಿ ತೀರಿಕೊಂಡರು.

ಈರಮ್ಮನದ್ದೂ ಕಂಠಪಾಠ, ಕಂಪ್ಲಿಯ ಹುಡುಗನದ್ದೂ ಕಂಠಪಾಠ. ಆದರೆ ಬುರ್ರಕಥೆಯಲ್ಲಿ ಪಕ್ಕದಲ್ಲಿ ‘ಹ್ಞಾಂ’ಗುಟ್ಟುವ ಜೊತೆಗಾರರಿರುತ್ತಾರೆ, ಎದುರಿಗೆ ಕೇಳುವ ಜನರಿರುತ್ತಾರೆ. ಅವರು ಆಕಳಿಸಿದರೆ ಕಥೆ ಓಡಬೇಕು, ಕಣ್ಣೊರೆಸಿಕೊಂಡರೆ ಅಲ್ಲೇ ತಂಗಬೇಕು. ಅರ್ಥ ಗೊತ್ತಿಲ್ಲದೆ ಅದು ಆಗುವ ಕೆಲಸವಲ್ಲ. ಹುಡುಗನ ಪಾಠವನ್ನು ಹಾಗೆ ಕೇಳುವವರು ಯಾರೂ ಇಲ್ಲ. ಅವನು ಒಪ್ಪಿಸುತ್ತಾನೆ, ಮೇಷ್ಟ್ರು ಮುಂದಿನವನ ಹೆಸರು ಕೂಗುತ್ತಾರೆ.

ಮತ್ತೆ ಹೊಸಪೇಟೆ. ಕಚೇರಿ ಬೀದಿಯ ಜೆರಾಕ್ಸ್ ಅಂಗಡಿಗಳಲ್ಲಿ ನೇಮಕಾತಿ ಪ್ರಕಟಣೆ ಬಂದ ವಾರ ಕಾಲಿಡಲು ಜಾಗವಿರುವುದಿಲ್ಲ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡನ್ನು ಎಲ್ಲರೂ ಮೊದಲು ತೆಗೆದಿಡುತ್ತಾರೆ. ಅಂಕಕ್ಕಾಗಿ ಅಲ್ಲ, ಹುಟ್ಟಿದ ದಿನಾಂಕಕ್ಕೆ ಅದೇ ಪುರಾವೆ. ಅದರಲ್ಲಿ ಅಪ್ಪನ ಹೆಸರಿಗೆ ಒಂದು ದೀರ್ಘ ಹೆಚ್ಚಾಗಿ, ಆಧಾರ್‌ನಲ್ಲಿ ಕಡಿಮೆಯಾಗಿದ್ದರೆ ಅಫಿಡವಿಟ್ಟಿಗೆ ಓಡಾಟ. ಬಿ.ಎ. ಮುಗಿಸಿದ ಹುಡುಗ ಒಂದೊಂದೇ ಕಾಗದ ಚಾಚುತ್ತಾನೆ, ಪಿಯುಸಿಗೆ ಬಿಟ್ಟ ಅಂಗಡಿಯ ಹುಡುಗ ಪರದೆಯ ಮೇಲೆ ಓದುತ್ತ ತುಂಬುತ್ತಾನೆ. ‘ವಿದ್ಯಾರ್ಹತೆ?’ ‘ಡಿಗ್ರಿ ಹಾಕು ಅಣ್ಣ.’ ಕೊನೆಯ ಪುಟ ಅಚ್ಚಾಗಿ ಬಿಸಿಬಿಸಿಯಾಗಿ ಹೊರಬರುತ್ತದೆ. ಮೇಲಿನ ಎಲ್ಲ ಸೂಚನೆಗಳನ್ನು ಓದಿ ಅರ್ಥ ಮಾಡಿಕೊಂಡಿರುತ್ತೇನೆ ಎಂದು ಅದರ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿದೆ.

‘ಎಲ್ಲಿ ಸೈನ್ ಮಾಡ್ಲಿ ಅಣ್ಣ?’

‘ಇಲ್ಲಿ,’ ಎನ್ನುತ್ತ ಅಂಗಡಿಯವನು ಬೆರಳಿಟ್ಟು ತೋರಿಸುತ್ತಾನೆ.