ಹಳೆಯ ವಿದ್ಯುತ್ ಗಿಟಾರಿನ ದಂಡಿ: ಪರೀಕ್ಷೆ ಮತ್ತು ಪರಿಹಾರ

ವೀಣೆಯ ದಂಡಿ ಕಾಲಕ್ರಮದಲ್ಲಿ ತುಸು ಬಾಗಿದರೂ ವೈಣಿಕನು ಕಂಗೆಡುವುದಿಲ್ಲ. ಅದರ ಮೆಟ್ಟಿಲುಗಳು ಮೇಣದ ಮೇಲೆ ನಿಂತಿರುವುದರಿಂದ ಮೇಣವನ್ನು ಕರಗಿಸಿ ಹೊಸದಾಗಿ ಮೇಳ ಕಟ್ಟಿಸಿಕೊಳ್ಳಬಹುದು. ಗಿಟಾರಿಗೆ ಈ ಸೌಕರ್ಯವಿಲ್ಲ. ಅದರ ಲೋಹದ ಮೆಟ್ಟಿಲುಗಳನ್ನು ಮರದಲ್ಲಿ ಗೀರು ಕೊಯ್ದು ಬಿಗಿಯಾಗಿ ಕೂರಿಸಿರುತ್ತಾರೆ. ಮರ ಬಾಗಿದರೆ ಮೆಟ್ಟಿಲುಗಳ ಸಾಲೂ ಬಾಗುತ್ತದೆ. ಆದಕಾರಣ ಹಳೆಯ ವಿದ್ಯುತ್ ಗಿಟಾರೊಂದನ್ನು ಅಲ್ಪಬೆಲೆಗೆ ಕೊಳ್ಳಹೊರಟ ವಿದ್ಯಾರ್ಥಿಯು ಅದರ ಬಣ್ಣಕ್ಕೆ ಮರುಳಾಗದೆ ಮೊದಲು ದಂಡಿಯನ್ನು ನೋಡತಕ್ಕದ್ದು. ತಂತಿ ಹರಿದರೆ ಹೊಸತು ಸಿಗುತ್ತದೆ, ವಿದ್ಯುತ್ ಜೋಡಣೆ ಕೆಟ್ಟರೆ ಬೆಸುಗೆ ಹಾಕಿಸಬಹುದು. ದಂಡಿಯೇ ಕೆಟ್ಟಿದ್ದರೆ ಕೊಟ್ಟ ಹಣ ನೀರುಪಾಲು. ಇಂಗ್ಲಿಷಿನಲ್ಲಿ ಈ ಭಾಗವನ್ನು ಕತ್ತು ಎನ್ನುತ್ತಾರೆ. ದಂಡಿಯೆಂಬ ಸೊಗಸಾದ ಮಾತು ನಮ್ಮಲ್ಲಿರುವಾಗ ಕತ್ತಿಗೆ ಕೈಹಾಕುವ ಅಗತ್ಯವಿಲ್ಲ.

ಆರು ಉಕ್ಕಿನ ತಂತಿಗಳು ಶ್ರುತಿಗೇರಿದಾಗ ದಂಡಿಯ ಮೇಲೆ ಬೀಳುವ ಒಟ್ಟು ಎಳೆತವು ಸುಮಾರು 40 ಕಿಲೋಗ್ರಾಂ ತೂಕಕ್ಕೆ ಸಮ. ಹಗಲಿರುಳು ಈ ಎಳೆತವನ್ನು ಹೊತ್ತ ಮರ ಬಿಲ್ಲಿನಂತೆ ಬಾಗುವುದು ಸಹಜವೇ. ಇದನ್ನು ತಡೆಯಲು ಅಮೆರಿಕದ ಗಿಬ್ಸನ್ ಕಾರ್ಖಾನೆಯ ಥಡ್ಡಿಯಸ್ ಮೆಕ್‌ಹ್ಯೂ ಎಂಬವರು ದಂಡಿಯೊಳಗೆ ಉಕ್ಕಿನ ಸಲಾಕೆಯನ್ನು ಹುದುಗಿಸುವ ಉಪಾಯಕ್ಕೆ 1921ರಲ್ಲಿ ಅರ್ಜಿ ಸಲ್ಲಿಸಿ 1923ರಲ್ಲಿ ಪೇಟೆಂಟು ಪಡೆದರು. ಟ್ರಸ್ ರಾಡ್ ಎಂದು ಇದರ ಹೆಸರು. ಹಳೆಯ ಗಿಟಾರುಗಳಲ್ಲಿ ಈ ಸಲಾಕೆ ಬಹುಮಟ್ಟಿಗೆ ಬಾಗಿದ ಗಾಡಿಯಲ್ಲಿ ಮಲಗಿರುತ್ತದೆ. ಅದರ ನಡುಭಾಗವು ದಂಡಿಯ ಬೆನ್ನಿಗೆ ಸಮೀಪ. ತುದಿಯ ತಿರುಪನ್ನು ಬಿಗಿದಾಗ ಸಲಾಕೆ ನೆಟ್ಟಗಾಗಲು ಹವಣಿಸಿ ದಂಡಿಯ ನಡುವನ್ನು ತಂತಿಗಳ ಕಡೆಗೆ ಎತ್ತುತ್ತದೆ. ಗಟ್ಟಿಯಾದ ಮೇಪಲ್ ಮರಕ್ಕೆ ಇದು ಬೇಡವೆಂದೇ ಲಿಯೋ ಫೆಂಡರ್ ಮೊದಲು ಬಗೆದಿದ್ದರು. 1950ರ ಮೊದಲ ಗಿಟಾರುಗಳ ದಂಡಿಗಳು ಬಾಗತೊಡಗಿದ ಮೇಲೆ ಅವರೂ ಸಲಾಕೆಗೆ ಶರಣಾಗಬೇಕಾಯಿತು.

ಪರೀಕ್ಷೆಗೆ ಯಾವ ಉಪಕರಣವೂ ಬೇಡ. ತಂತಿಗಳನ್ನು ಶ್ರುತಿಗೊಳಿಸಿ, ದಪ್ಪ ತಂತಿಯನ್ನು ಮೊದಲನೆಯ ಮೆಟ್ಟಿಲಿನಲ್ಲೊಮ್ಮೆ, ದಂಡಿಯು ಒಡಲನ್ನು ಸೇರುವೆಡೆಯಲ್ಲೊಮ್ಮೆ ಏಕಕಾಲಕ್ಕೆ ಒತ್ತಿ ಹಿಡಿಯಬೇಕು. ಬಿಗಿದ ತಂತಿಗಿಂತ ನೇರವಾದ ಅಳತೆಗೋಲು ಮತ್ತೊಂದಿಲ್ಲ. ಏಳನೆಯ ಅಥವಾ ಎಂಟನೆಯ ಮೆಟ್ಟಿಲಿನ ಬಳಿ ತಂತಿಗೂ ಮೆಟ್ಟಿಲಿಗೂ ನಡುವೆ 0.2ರಿಂದ 0.3 ಮಿಲಿಮೀಟರ್ ತೆರವಿದ್ದರೆ, ಎಂದರೆ ಆ ಗಿಟಾರಿನ ಅತಿ ಸಪುರ ತಂತಿಯ ದಪ್ಪದಷ್ಟಿದ್ದರೆ, ದಂಡಿ ಆರೋಗ್ಯವಾಗಿದೆ. ತೆರವು ಹೆಚ್ಚಿದ್ದರೆ ಅದು ಮುಂದಕ್ಕೆ ಬಾಗಿದೆ. ತೆರವೇ ಇಲ್ಲದಿದ್ದರೆ ಹಿಂದಕ್ಕೆ ಬಾಗಿರುವ ಸಂಭವವುಂಟು. ಆಗ ಮೊದಲ ಮೆಟ್ಟಿಲುಗಳಲ್ಲಿ ನಾದವು ಜೀರುಂಡೆಯಂತೆ ಗುಂಯ್‌ಗುಡುತ್ತದೆ. ಬಳಿಕ ಒಡಲಿನ ಕಡೆಯಿಂದ ಕಣ್ಣಿಟ್ಟು ದಂಡಿಯ ಎರಡು ಅಂಚುಗಳನ್ನೂ ಹೋಲಿಸಬೇಕು. ಒಂದು ನೇರವಾಗಿದ್ದು ಮತ್ತೊಂದು ಬಾಗಿದ್ದರೆ ದಂಡಿ ತಿರುಚಿಕೊಂಡಿದೆ ಎಂದರ್ಥ. ಈ ರೋಗಕ್ಕೆ ಸಲಾಕೆಯಲ್ಲಿ ಮದ್ದಿಲ್ಲ.

ಬಾಗಿದ ದಂಡಿಯನ್ನು ತಿದ್ದುವುದರಲ್ಲಿ ಅವಸರ ಸಲ್ಲದು. ತಂತಿಗಳನ್ನು ಕೊಂಚ ಸಡಿಲಿಸಿ, ತಿರುಪನ್ನು ಬಲಕ್ಕೆ ಕಾಲು ಸುತ್ತು ಮಾತ್ರ ಬಿಗಿದು, ಮತ್ತೆ ಶ್ರುತಿಗೊಳಿಸಿ, ಒಂದು ದಿನ ಬಿಟ್ಟು ನೋಡಬೇಕು. ಮರ ನಿಧಾನವಾಗಿ ಒಗ್ಗಿಕೊಳ್ಳುವ ವಸ್ತು. ಹಿಂದಕ್ಕೆ ಬಾಗಿದ್ದರೆ ತಿರುಪನ್ನು ಎಡಕ್ಕೆ ಸಡಿಲಿಸುವುದು. ಹಳೆಯ ಫೆಂಡರುಗಳಲ್ಲಿ ತಿರುಪು ದಂಡಿಯ ಬುಡದಲ್ಲಿರುವುದರಿಂದ ನಾಲ್ಕು ಸ್ಕ್ರೂಗಳನ್ನು ಕಳಚಿ ದಂಡಿಯನ್ನು ಹೊರತೆಗೆಯಬೇಕಾಗಬಹುದು. ತಿರುಪು ಅಲುಗದಿದ್ದರೆ ಬಲಪ್ರಯೋಗ ಕೂಡದು. ಸಲಾಕೆ ಮುರಿದರೆ ಅದನ್ನು ತೆಗೆಯಲು ಮೆಟ್ಟಿಲುಗಳನ್ನು ಹೊತ್ತ ಹಲಗೆಯನ್ನೇ ಕಿತ್ತೆಬ್ಬಿಸಬೇಕಾದೀತು. ಆ ಹಲಗೆ ಅನೇಕ ಗಿಟಾರುಗಳಲ್ಲಿ ನಮ್ಮ ಮಲೆನಾಡಿನಲ್ಲೂ ಬೆಳೆಯುವ ಬೀಟೆಮರದ್ದು.

ಇಲ್ಲಿ ಬಹುಜನರು ಎಡವುವ ಒಂದು ಸಂಗತಿಯಿದೆ. ದಂಡಿ ನೆಟ್ಟಗಿದ್ದರೂ ತಂತಿಗಳು ಮೇಲಿನ ಮೆಟ್ಟಿಲುಗಳಲ್ಲಿ ಬೆರಳು ನೋಯುವಷ್ಟು ಎತ್ತರದಲ್ಲಿರುವುದುಂಟು. ಮೊದಲು ಕುದುರೆಯನ್ನು ತಗ್ಗಿಸಿ ನೋಡಬೇಕು. ಅದನ್ನು ಪೂರ್ತಿ ತಗ್ಗಿಸಿದರೂ ಎತ್ತರ ಇಳಿಯದಿದ್ದರೆ ದೋಷವು ದಂಡಿ ಒಡಲಿಗೆ ಕೂಡುವ ಕೋನದ್ದು, ಬಾಗಿನದಲ್ಲ. ಸಲಾಕೆಯನ್ನು ಬಿಗಿದು ಇದನ್ನು ಸರಿಪಡಿಸಹೊರಟವನು ನೆಟ್ಟಗಿದ್ದ ದಂಡಿಯನ್ನೂ ಕೆಡಿಸುತ್ತಾನೆ. ಸ್ಕ್ರೂಗಳಿಂದ ಬಿಗಿದ ದಂಡಿಯಾದರೆ ಅದನ್ನು ಬಿಚ್ಚಿ, ಒಡಲಿನ ಗೂಡಿನಲ್ಲಿ ದಂಡಿಯ ಬುಡದ ಕೊನೆಯಡಿ ತೆಳ್ಳನೆಯ ಮರದ ಚಕ್ಕೆಯೊಂದನ್ನಿಟ್ಟು ಮತ್ತೆ ಬಿಗಿದರೆ ಸಾಕು, ತಂತಿ ತಗ್ಗುತ್ತದೆ.

ತಿರುಚಿದ ದಂಡಿಯುಳ್ಳ ಗಿಟಾರು ಸ್ಕ್ರೂ ಜೋಡಣೆಯದಾದರೆ, ಬುಡದ ಅಗಲವೂ ಮೆಟ್ಟಿಲುಗಳ ಅಳತೆಯೂ ಹೊಂದುವ ಬೇರೆ ದಂಡಿಯನ್ನು ಕೂರಿಸಬಹುದು; ಅದರ ಬೆಲೆಯನ್ನು ಕಳೆದು ವ್ಯಾಪಾರ ಕುದುರಿಸಬೇಕು. ಗಿಬ್ಸನ್ನಿನ ಬಹುತೇಕ ಗಿಟಾರುಗಳಂತೆ ಅಂಟಿನಿಂದ ಕೂಡಿಸಿದ್ದಾದರೆ ಅದನ್ನು ಅಂಗಡಿಯಲ್ಲಿಯೇ ಬಿಟ್ಟುಬರುವುದು ಲೇಸು.